ಪುಟ್ಟ ಟಿವಿ ಸ್ಟೇಷನ್ನಿನ ಚರಿತ್ರೆ ಬರೀಬೇಕಾ? ಮೊದಲು ಟೇಪ್ ಹುಡುಕಿ

ಅಮೆರಿಕದ ಒಂದು ಸಣ್ಣ ಊರಿನ ಲೋ ಪವರ್ ಟಿವಿ ಸ್ಟೇಷನ್ನಿನ (ಕಡಿಮೆ ಶಕ್ತಿಯಲ್ಲಿ, ಸುತ್ತಮುತ್ತಲಿಗಷ್ಟೇ ಪ್ರಸಾರ ಮಾಡುವ ಸ್ಟೇಷನ್ನಿನ) ಕಥೆ ಬರೆಯಲು ಹೊರಟಾಗ ನಾನು ಲೈಸೆನ್ಸ್ ಕಾಗದಗಳಿಂದ ಶುರು ಮಾಡಿದೆ. ಅದೇ ತಪ್ಪಾಯಿತು. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ, ಟೇಪ್ ಹೋಗುತ್ತದೆ. ನಾನು ಕಡತ ಓದುತ್ತಾ ಕೂತಿದ್ದಾಗ ಅತ್ತ ಹಳೇ ಸ್ಟುಡಿಯೋ ಖಾಲಿ ಮಾಡಿ, ಎರಡು ಕಪಾಟಿನಷ್ಟು ಕ್ಯಾಸೆಟ್ ಕಸಕ್ಕೆ ಹಾಕಿದ್ದರು. ಉಳಿದದ್ದು ಒಂದೇ ಒಂದು ರಟ್ಟಿನ ಡಬ್ಬ.

ಕ್ಯಾಸೆಟ್ ಸಿಕ್ಕಿದ ಖುಷಿಗೆ ತಕ್ಷಣ ವಿಸಿಆರ್‌ಗೆ ತುರುಕಬೇಡಿ. ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳೀ ಪುಡಿ ಇದ್ದರೆ ಅದು ಬೂಷ್ಟು. ಹಾಗೇ ಹಾಕಿದರೆ ಮಷಿನ್ನಿಗೆ ಹತ್ತಿ, ಅಲ್ಲಿಂದ ಮುಂದಿನ ಟೇಪಿಗೂ ಹೋಗುತ್ತದೆ. ಅಂಥದ್ದನ್ನು ಬೇರೆ ಇಟ್ಟು ಗೊತ್ತಿದ್ದವರಿಗೆ ಕೊಡಿ. ವಿಎಚ್ಎಸ್ ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಏನೂ ಅಳಿಯುವುದಿಲ್ಲ.

ಇನ್ನೊಂದು ಮಾತು. ಟೇಪನ್ನು ಕೊನೆಯವರೆಗೂ ಓಡಿಸಿ. ಇಂಥ ಸ್ಟೇಷನ್ನುಗಳಲ್ಲಿ ಹೊಸ ಟೇಪಿಗೆ ದುಡ್ಡಿರುತ್ತಿರಲಿಲ್ಲ, ಒಂದರ ಮೇಲೊಂದು ರೆಕಾರ್ಡ್ ಮಾಡುತ್ತಿದ್ದರು. ನನ್ನ ಡಬ್ಬದ ಒಂದು ಕ್ಯಾಸೆಟ್ ಮೇಲೆ ಬರೆದಿದ್ದದ್ದು ಬರೀ ‘ಬ್ಯಾಸ್ಕೆಟ್‌ಬಾಲ್’. ಮ್ಯಾಚ್ ಮುಗಿದು, ಪರದೆ ಒಮ್ಮೆ ಹರಿದಂತಾಗಿ, ಇದ್ದಕ್ಕಿದ್ದಂತೆ ಒಂದು ಸಭೆ ಬಂತು. ಕನ್ನಡಕದ ಒಬ್ಬರು ಎದ್ದು ನಿಂತು ಚರಂಡಿ ಬಗ್ಗೆ ಅರ್ಧ ವಾಕ್ಯದಿಂದ ಮಾತಾಡುತ್ತಿದ್ದಾರೆ. ನಲವತ್ತು ಸೆಕೆಂಡು, ಅಷ್ಟೇ. ತಾರೀಖೂ ಇಲ್ಲ, ಹೆಸರೂ ಇಲ್ಲ.

ಈಗ ಕಾಗದಕ್ಕೆ ಬನ್ನಿ. ಅಮೆರಿಕದಲ್ಲಿ ಪ್ರಸಾರದ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಈ ಬಗೆಯ ಸ್ಟೇಷನ್ನಿಗೆ ದಾರಿ ಮಾಡಿಕೊಟ್ಟಿದ್ದು 1982ರಲ್ಲಿ. ಅರ್ಜಿಗಳು ಎಷ್ಟು ಬಂದವೆಂದರೆ ಕೊನೆಗೆ ಲಾಟರಿ ಎತ್ತಿ ಕೊಡಬೇಕಾಯಿತು. ಕರೆಹೆಸರಿನಲ್ಲೇ, ಅಂದರೆ ಸ್ಟೇಷನ್ನಿನ ಅಧಿಕೃತ ಗುರುತಿನ ಅಕ್ಷರಗಳಲ್ಲೇ, ಅರ್ಧ ಕಥೆ ಇರುತ್ತದೆ. ಮೊದಲಕ್ಷರ ಕೆ ಇದ್ದರೆ ಬಹುಮಟ್ಟಿಗೆ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ, ಡಬ್ಲ್ಯೂ ಇದ್ದರೆ ಪೂರ್ವಕ್ಕೆ. ಅದರ ನಂತರದ ಅಂಕಿಯೇ ಚಾನೆಲ್ ನಂಬರ್. ಮುಂದೆ ನಾಲ್ಕಕ್ಷರದ ಹೆಸರುಗಳೂ ಬಂದವು. ಬಾಲದಲ್ಲಿ ಎಲ್‌ಪಿ ಇದ್ದರೆ ಅನಲಾಗ್ ಕಾಲದ್ದು, ಎಲ್‌ಡಿ ಇದ್ದರೆ ಡಿಜಿಟಲ್. ಸಿಎ, ಸಿಡಿ ಅಂದರೆ 1999ರ ಕಾಯ್ದೆಯಿಂದ ಸ್ವಲ್ಪ ರಕ್ಷಣೆ ಸಿಕ್ಕ ‘ಕ್ಲಾಸ್ ಎ’ ಜಾತಿ. ಹೆಸರು, ಚಾನೆಲ್ ಎಲ್ಲಾ ಬದಲಾದರೂ ಫೆಸಿಲಿಟಿ ಐಡಿ ಅನ್ನುವ ನಂಬರ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಎಫ್‌ಸಿಸಿಯ ದಾಖಲೆಗಳಲ್ಲಿ ಅದನ್ನೇ ಹಿಡಿದು ಹುಡುಕಿ. ಇಲ್ಲದಿದ್ದರೆ ನನ್ನ ಹಾಗೆ ಒಂದೇ ಸ್ಟೇಷನ್ನನ್ನು ಮೂರು ಅಂದುಕೊಂಡು ಒದ್ದಾಡುತ್ತೀರಿ.

ಎರಡು ಕಡೆ ಎಡವುವುದು ಜಾಸ್ತಿ. ಒಂದು, ತಾರೀಖು. ಕಟ್ಟಲು ಪರವಾನಗಿ ಸಿಕ್ಕ ದಿನ ಬೇರೆ, ಲೈಸೆನ್ಸ್ ಬಂದ ದಿನ ಬೇರೆ, ಜನರ ಮನೆಯಲ್ಲಿ ಚಿತ್ರ ಮೂಡಿದ ದಿನ ಬೇರೆ. ಕೊನೆಯದಕ್ಕೆ ಊರಿನ ಪತ್ರಿಕೆಯ ಕಾರ್ಯಕ್ರಮ ಪಟ್ಟಿ ನೋಡಿ. ಇನ್ನೊಂದು, ಟ್ರಾನ್ಸ್‌ಲೇಟರ್. ದೂರದ ದೊಡ್ಡ ಸ್ಟೇಷನ್ನನ್ನು ಹಿಡಿದು ಸುಮ್ನೆ ಮರುಪ್ರಸಾರ ಮಾಡುವ ಗೋಪುರಕ್ಕೂ ಅಂಥದ್ದೇ ಕರೆಹೆಸರು. ಸ್ವಂತ ಕ್ಯಾಮೆರಾ ಯಾವಾಗ ಬಂತು ಅಂತ ಕೇಳದೆ ‘ಸ್ಟೇಷನ್ ಶುರುವಾಯಿತು’ ಅಂತ ಬರೆಯಬೇಡಿ.

ಚಾನೆಲ್ ಪದೇ ಪದೇ ಬದಲಾಗಿದ್ದರೆ ಮಾಲೀಕರನ್ನು ಬೈಯಬೇಡಿ. ಯುಎಚ್ಎಫ್‌ನಲ್ಲಿ (ಟಿವಿಯ ಮೇಲಿನ ಚಾನೆಲ್‌ಗಳಿರುವ ತರಂಗಪಟ್ಟಿ) ಡಿಜಿಟಲ್ ಲೋ ಪವರ್‌ಗೆ ಮಿತಿ 15 ಕಿಲೋವ್ಯಾಟ್, ದೊಡ್ಡವರಿಗೆ 1000 ಕಿಲೋವ್ಯಾಟ್‌ವರೆಗೆ. ಕಾಯಿದೆಯಲ್ಲೂ ಹಾಗೇ: ದೊಡ್ಡ ಸ್ಟೇಷನ್ನಿಗೆ ಜಾಗ ಬೇಕಾದರೆ ಸಣ್ಣದು ಎದ್ದು ಹೋಗಬೇಕು, ಬಸ್ಸಿನಲ್ಲಿ ರಿಸರ್ವೇಶನ್ ಇದ್ದವರು ಬಂದಂತೆ. 2017ರಲ್ಲಿ ಮುಗಿದ ಟಿವಿ ತರಂಗಾಂತರಗಳ ಹರಾಜಿನ ನಂತರ 37ರ ಮೇಲಿನ ಚಾನೆಲ್‌ಗಳು ಮೊಬೈಲ್ ಕಂಪನಿಗಳ ಪಾಲಾದವು, ಆಗಲೂ ಎಷ್ಟೋ ಸ್ಟೇಷನ್ನುಗಳು ಗಂಟುಮೂಟೆ ಕಟ್ಟಿದವು. ದೊಡ್ಡವರ ಅನಲಾಗ್ 2009ರಲ್ಲೇ ನಿಂತಿತ್ತು, ಇವರಿಗೆ ಗಡುವು ಇದ್ದದ್ದು 2021ರ ಜುಲೈ 13. ಇನ್ನು ಅನಲಾಗ್ ಚಾನೆಲ್ 6 ಇದ್ದವರ ಧ್ವನಿ ಎಫ್‌ಎಂ ರೇಡಿಯೋದ 87.7ರಲ್ಲಿ ಕೇಳಿಸುತ್ತಿತ್ತು. ಕೆಲವರು ಟಿವಿ ಲೈಸೆನ್ಸ್ ಇಟ್ಟುಕೊಂಡು ರೇಡಿಯೋನೇ ನಡೆಸಿದರು. ಜಾಣರು, ಅಲ್ವಾ?

ಕೊನೆಗೆ ಜನ. ‘ಯಾವ ವರ್ಷ?’ ಅಂತ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಮಾತಿಗಿಂತ ಮೊದಲು ಚಿತ್ರ ತೋರಿಸಿ. ಆ ನಲವತ್ತು ಸೆಕೆಂಡನ್ನು ನಾನು ಅಲ್ಲಿ ಕ್ಯಾಮೆರಾ ಹಿಡಿದಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕದವರನ್ನು ನೋಡಲೇ ಇಲ್ಲ. ಹಿಂದಿನ ಕಿಟಕಿಯ ಮೇಲೆ ಬೆರಳಿಟ್ಟು, ‘ಚಿತ್ರ ಎಡಕ್ಕೆ ವಾಲಿದೆ ನೋಡಿ. ಟ್ರೈಪಾಡಿನ ಒಂದು ಕಾಲು ಮುರಿದಿತ್ತು, ಕೆಳಗೆ ಟೆಲಿಫೋನ್ ಡೈರೆಕ್ಟರಿ ಇಟ್ಟಿದ್ದೆವು. ಎರಡನೇ ಚಳಿಗಾಲಕ್ಕೆ ಹೊಸದು ತಂದೆವು’ ಎಂದರು. ಟೇಪ್ ಎಷ್ಟು ಹಳೆಯದು ಅಂತ ಗೊತ್ತಾದದ್ದು ಹಾಗೆ.