ಇಡೀ ಟರ್ಕಿ ಕೋಳಿಯನ್ನು ಕೊಯ್ದು ಬಡಿಸುವ ಕ್ರಮ

ಐದಾರು ಕಿಲೋ ತೂಗುವ ಟರ್ಕಿ ಕೋಳಿಯನ್ನು ಓವನ್‌ನಲ್ಲಿ ಇಡಿಯಾಗಿ ರೋಸ್ಟ್ ಮಾಡಲು ಸುಮಾರು ಮೂರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾದು ಹದವಾಗಿ ಬೇಯಿಸಿದ ಮಾಂಸವೂ ಕೊಯ್ಯುವಾಗಿನ ಅವಸರದಿಂದ ಚೂರುಚೂರಾಗಿ, ತೊಗಲು ಒಂದು ಕಡೆ, ಮಾಂಸ ಒಂದು ಕಡೆ ಆಗಿಬಿಡುತ್ತದೆ. ಈ ಕೆಲಸಕ್ಕೆ ತೋಳಿನ ಬಲ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಬೇಕಾದದ್ದು ಕೀಲು ಎಲ್ಲಿದೆ ಎಂಬ ತಿಳಿವಳಿಕೆ. ಚಾಕು ಎಲ್ಲಿಯೂ ಮೂಳೆಯನ್ನು ಕಡಿಯಬೇಕಾಗಿಲ್ಲ. ಎರಡು ಮೂಳೆಗಳು ಕೂಡುವ ಸಂದನ್ನು ಬೆರಳಿನಿಂದ ಗುರುತಿಸಿ ಅಲ್ಲಿ ಚಾಕು ಆಡಿಸಿದರೆ ಕೋಳಿ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಕೊಯ್ಯುವ ಮೊದಲು

ಕೋಳಿ ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸಬಾರದು. ಪೂರ್ತಿ ಬೆಂದ ಹಕ್ಕಿಯಲ್ಲಿಯೂ ಮೂಳೆಯ ಪಕ್ಕದ ಮಾಂಸ ಕೆಲವೊಮ್ಮೆ ನಸುಗೆಂಪಾಗಿರುತ್ತದೆ. ಮಾಂಸದ ಥರ್ಮಾಮೀಟರನ್ನು ತೊಡೆಯ ಒಳಭಾಗದಲ್ಲಿ ಮತ್ತು ಎದೆಯ ಅತಿ ದಪ್ಪವಾದ ಭಾಗದಲ್ಲಿ ಮೂಳೆಗೆ ತಾಗದಂತೆ ಚುಚ್ಚಿದಾಗ ಎರಡೂ ಕಡೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಹೊಟ್ಟೆಯೊಳಗೆ ಹೂರಣ ತುಂಬಿದ್ದರೆ ಅದರ ನಡುಭಾಗವೂ ಅಷ್ಟೇ ಬಿಸಿಯಾಗಿರಬೇಕು.

ಓವನ್‌ನಿಂದ ತೆಗೆದ ಕೋಳಿಯನ್ನು ಕನಿಷ್ಠ ಅರ್ಧ ಗಂಟೆ ಹಾಗೆಯೇ ಬಿಡಬೇಕು. ಕುದಿಯುವಷ್ಟು ಬಿಸಿಯಾಗಿರುವಾಗ ಮಾಂಸದೊಳಗಿನ ರಸ ನೀರಿನಂತೆ ತೆಳುವಾಗಿದ್ದು, ಕೊಯ್ದ ಕೂಡಲೇ ಹಲಗೆಯ ಮೇಲೆ ಹರಿದುಹೋಗುತ್ತದೆ. ತುಸು ಆರಿದಾಗ ಅದು ಮಂದವಾಗಿ ಮಾಂಸದಲ್ಲಿಯೇ ನಿಲ್ಲುತ್ತದೆ. ಇಷ್ಟು ದೊಡ್ಡ ಹಕ್ಕಿ ಅರ್ಧ ಗಂಟೆಯಲ್ಲಿ ತಣ್ಣಗಾಗುವುದಿಲ್ಲ, ಮೊದಲ ಕೆಲವು ನಿಮಿಷಗಳಲ್ಲಿ ಒಳಗಿನ ಶಾಖ ಇನ್ನೂ ಕೆಲವು ಡಿಗ್ರಿ ಏರುವುದೂ ಉಂಟು. ಫಾಯಿಲ್ ಹಾಳೆಯನ್ನು ಮೇಲೆ ಸಡಿಲವಾಗಿ ಹೊದಿಸಿದರೆ ಸಾಕು. ಬಿಗಿಯಾಗಿ ಸುತ್ತಿದರೆ ಹಬೆ ಒಳಗೇ ಉಳಿದು, ಗರಿಗರಿಯಾದ ತೊಗಲು ಮೆತ್ತಗಾಗುತ್ತದೆ.

ಈ ಬಿಡುವಿನಲ್ಲಿ ಸಲಕರಣೆಗಳನ್ನು ಅಣಿಮಾಡಿಕೊಳ್ಳಬಹುದು. 20ರಿಂದ 25 ಸೆಂಟಿಮೀಟರ್ ಉದ್ದದ, ತೆಳುವಾದ ಅಲಗಿನ ಒಂದು ಚಾಕು, ಕೀಲುಗಳಿಗೆಂದು ಇನ್ನೊಂದು ಸಣ್ಣ ಚಾಕು, ರಸ ಹಿಡಿಯಲು ಅಂಚಿನಲ್ಲಿ ತೋಡು ಇರುವ ಅಗಲವಾದ ಹಲಗೆ, ಕೈ ಒರೆಸಲು ಶುಭ್ರವಾದ ಬಟ್ಟೆ, ಇಷ್ಟೇ ಸಾಕು. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಚಾಕು ಚೆನ್ನಾಗಿ ಹರಿತವಾಗಿರಬೇಕೆಂಬ ಮಾತಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮೊಂಡು ಚಾಕುವನ್ನು ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದಾಗ ಅದು ಜಿಡ್ಡಿನ ತೊಗಲಿನ ಮೇಲೆ ಜಾರಿ ಕೈಗೆ ಬರುತ್ತದೆ.

ಕಾಲು ಮತ್ತು ತೊಡೆ

ಕಾಲುಗಳನ್ನು ಕಟ್ಟಿದ ದಾರವನ್ನು ಬಿಚ್ಚಿ, ಹೂರಣವಿದ್ದರೆ ಅದನ್ನೆಲ್ಲ ಬೇರೆ ಪಾತ್ರೆಗೆ ತೆಗೆದು, ಕೋಳಿಯನ್ನು ಎದೆ ಮೇಲಾಗಿ ಇಡಬೇಕು. ತೊಡೆ ಮತ್ತು ಎದೆಯ ನಡುವೆ ತೊಗಲು ಸಡಿಲವಾಗಿ ಹಿಗ್ಗಿರುವ ಜಾಗದಲ್ಲಿ ಮೊದಲು ತೊಗಲನ್ನಷ್ಟೇ ಸೀಳಬೇಕು. ನಂತರ ಬಟ್ಟೆಯಿಂದ ಕಾಲನ್ನು ಹಿಡಿದು ಹೊರಗಡೆಗೆ, ಹಲಗೆಯತ್ತ ನಿಧಾನವಾಗಿ ಬಗ್ಗಿಸುತ್ತ ಹೋದರೆ ಸೊಂಟದ ಕೀಲು ಲಟಕ್ಕನೆ ಬಿಟ್ಟುಕೊಂಡು ಬಿಳಿಯ ಗುಂಡನೆಯ ಮೂಳೆಯ ತುದಿ ಹೊರಗೆ ಕಾಣುತ್ತದೆ. ಆ ಗುಂಡು ಕೂತಿದ್ದ ಗುಳಿಯ ಅಂಚಿನಲ್ಲಿ ಚಾಕು ಹಾಯಿಸಿ, ಬೆನ್ನಿನ ಮೂಳೆಗೆ ಒತ್ತಿಕೊಂಡೇ ಕೊಯ್ದರೆ ತೊಡೆ ಸಹಿತ ಕಾಲು ಪೂರ್ತಿಯಾಗಿ ಕೈಗೆ ಬರುತ್ತದೆ.

ಇಲ್ಲಿ ಬೆನ್ನಿನ ಕಡೆಯ ಗುಳಿಯಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಚಪ್ಪಟೆಯಾದ ಮಾಂಸದ ತುಂಡೊಂದು ಅಡಗಿರುತ್ತದೆ. ಎರಡೂ ಬದಿಗೆ ಒಂದೊಂದು. ಚಾಕುವಿನ ತುದಿಯಿಂದ ಅದನ್ನು ತೊಡೆಯ ಜೊತೆಗೇ ಎಬ್ಬಿಸಿ ತೆಗೆಯಬೇಕು. ಇಡೀ ಕೋಳಿಯಲ್ಲಿ ಇದಕ್ಕಿಂತ ಮೃದುವಾದ ಮಾಂಸ ಇನ್ನೊಂದಿಲ್ಲ. ಹಲ್ಲು ಸೋತ ಹಿರಿಯರು ಊಟಕ್ಕೆ ಕೂತಿದ್ದರೆ ಅದು ಅವರ ತಟ್ಟೆಗೇ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಕಾಲನ್ನು ತೊಗಲು ಕೆಳಗಾಗಿ ಮಗುಚಿದರೆ, ಮೊಣಕಾಲಿನ ಜಾಗದಲ್ಲಿ ಕೊಬ್ಬಿನ ತೆಳುವಾದ ಬಿಳಿ ಗೆರೆಯೊಂದು ಕಾಣುತ್ತದೆ. ಕೀಲು ಇರುವುದು ಆ ಗೆರೆಯ ಕೆಳಗೇ. ಚಾಕು ಮೂಳೆಗೆ ತಡೆದರೆ ಬಲ ಹಾಕದೆ ಎರಡು ಮಿಲಿಮೀಟರ್ ಆಚೀಚೆ ಸರಿಸಿ ನೋಡಬೇಕು. ಸಂದು ಸಿಕ್ಕಿದಾಗ ಅದು ಸಲೀಸಾಗಿ ಇಳಿಯುತ್ತದೆ. ತೊಡೆಯಲ್ಲಿ ಇರುವುದು ಒಂದೇ ಉದ್ದನೆಯ ಮೂಳೆ. ಅದರ ಎರಡು ಪಕ್ಕಗಳಲ್ಲಿ ಉದ್ದಕ್ಕೆ ಕೊಯ್ದು ಮೂಳೆಯನ್ನು ಎತ್ತಿ ತೆಗೆದು, ತೊಗಲು ಮೇಲಾಗಿ ತಿರುಗಿಸಿ ಅಡ್ಡಡ್ಡಲಾಗಿ ಹೋಳು ಮಾಡಬೇಕು.

ಕೆಳಗಾಲಿನ ತುಂಡನ್ನು ಹಾಗೆಯೇ ಬಡಿಸುವುದುಂಟು, ಆದರೆ ಸಾಮಾನ್ಯ ಕೋಳಿಯ ಲೆಗ್ ಪೀಸ್‌ನಂತೆ ಇದನ್ನು ಸಲೀಸಾಗಿ ಕಚ್ಚಿ ತಿನ್ನಲಾಗುವುದಿಲ್ಲ. ಟರ್ಕಿ ಕೋಳಿ ಬೆಳೆದಂತೆ ಅದರ ಕಾಲಿನಲ್ಲಿ ಮಾಂಸವನ್ನು ಮೂಳೆಗೆ ಬಿಗಿಯುವ ಹುರಿಗಳು ಗಟ್ಟಿಯಾಗಿ ಮೂಳೆಯಂತೆಯೇ ಆಗಿರುತ್ತವೆ. ತುಂಡಿನೊಳಗೆ ಕಡ್ಡಿಗಳಂತೆ ಉದ್ದಕ್ಕೆ ಹಾದುಹೋಗಿರುವ ಅವುಗಳ ತುದಿ ಚೂಪಾಗಿರುತ್ತದೆ. ಆದ್ದರಿಂದ ಪಾದದ ಕಡೆಯ ಗೆಣ್ಣನ್ನು ಹಿಡಿದು ತುಂಡನ್ನು ನೆಟ್ಟಗೆ ನಿಲ್ಲಿಸಿ, ಮಾಂಸವನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ತೆಗೆದು, ಈ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಎಳೆದುಹಾಕುವುದು ಉತ್ತಮ. ಮಕ್ಕಳಿಗೆ ಬಡಿಸುವಾಗಂತೂ ಇದನ್ನು ತಪ್ಪಿಸಬಾರದು.

ಎದೆಯ ಮಾಂಸ

ಎದೆಯನ್ನು ಕೋಳಿಯ ಮೇಲಿರುವಂತೆಯೇ ಪಕ್ಕದಿಂದ ತೆಳುವಾಗಿ ಕೊಯ್ಯುವುದು ಹಳೆಯ ಪದ್ಧತಿ. ಊಟದ ಮೇಜಿನ ಮೇಲೆ ಎಲ್ಲರೆದುರು ಮಾಡಲು ಅದು ಚೆಂದ. ಆದರೆ ಎದೆಯ ಮಾಂಸದ ಎಳೆಗಳು ಹೆಚ್ಚುಕಡಿಮೆ ಉದ್ದಕ್ಕೆ ಓಡುವುದರಿಂದ, ಆ ರೀತಿ ಕೊಯ್ದ ಹೋಳಿನಲ್ಲಿ ಉದ್ದುದ್ದ ಎಳೆಗಳೇ ಉಳಿದು, ಅಗಿಯುವಾಗ ನಾರುನಾರಾಗಿ ಒಣಕಲು ಎನ್ನಿಸುತ್ತದೆ. ನಾನು ಹಲವು ಸಲ ಹಾಗೆಯೇ ಬಡಿಸಿ, ಮಾಂಸ ಅತಿಯಾಗಿ ಬೆಂದಿತೆಂದು ಓವನ್ನಿನ ಶಾಖವನ್ನು ಕಡಿಮೆ ಮಾಡುತ್ತ ಹೋಗಿದ್ದೆ. ದೋಷ ಕೊಯ್ದ ದಿಕ್ಕಿನದು ಎಂದು ತಿಳಿದದ್ದು ತಡವಾಗಿ. ಅರ್ಧ ಎದೆಯನ್ನು ಇಡಿಯಾಗಿ ಬಿಡಿಸಿಕೊಂಡು, ಹಲಗೆಯ ಮೇಲಿಟ್ಟು ಅಡ್ಡಕ್ಕೆ ಕೊಯ್ದರೆ ಎಳೆಗಳು ಗಿಡ್ಡವಾಗಿ ತುಂಡಾಗುತ್ತವೆ, ಪ್ರತಿ ಹೋಳಿಗೂ ಗರಿಯಾದ ತೊಗಲಿನ ಒಂದು ಅಂಚು ಸಿಗುತ್ತದೆ.

ರೆಕ್ಕೆಗಳನ್ನು ಈಗಲೇ ತೆಗೆಯದಿದ್ದರೆ ಕೋಳಿ ಅವುಗಳ ಆಸರೆಯಲ್ಲಿ ಅಲುಗಾಡದೆ ಕೂತಿರುತ್ತದೆ. ಎದೆಯ ನಡುವೆ ಏಣಿನಂತೆ ನಿಂತಿರುವ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅದರ ಒಂದು ಪಕ್ಕಕ್ಕೆ ಬಾಲದ ಕಡೆಯಿಂದ ಕುತ್ತಿಗೆಯ ಕಡೆಗೆ ಉದ್ದಕ್ಕೆ ಒಂದು ಗಾಯ ಮಾಡಬೇಕು. ಬಳಿಕ ಅಲಗನ್ನು ಮೂಳೆಯ ಕಡೆಗೇ ತಿರುಗಿಸಿ, ಗರಗಸದಂತೆ ಎಳೆದಾಡದೆ ನೀಳವಾಗಿ ಎಳೆಯುತ್ತ, ಇನ್ನೊಂದು ಕೈಯಿಂದ ಮಾಂಸವನ್ನು ಹೊರಕ್ಕೆ ಬಿಡಿಸುತ್ತ ಬರಬೇಕು. ಚಾಕುವಿನ ತುದಿ ಪಕ್ಕೆಲುಬಿನ ಮೇಲೆ ಕರಕರ ಸದ್ದು ಮಾಡುತ್ತಿದ್ದರೆ ದಾರಿ ಸರಿಯಾಗಿದೆ ಎಂದರ್ಥ; ಸದ್ದು ನಿಂತರೆ ಮಾಂಸ ಮೂಳೆಯ ಮೇಲೆಯೇ ಉಳಿದುಹೋಗುತ್ತಿದೆ. ಕುತ್ತಿಗೆಯ ಬಳಿ ಕವೆಯಾಕಾರದ ಮೂಳೆಯೊಂದು ಅಡ್ಡ ಬರುತ್ತದೆ, ಅದರ ಬಾಗಿನ ಗುಂಟ ಚಾಕುವನ್ನು ತಿರುಗಿಸಬೇಕು. ಕೋಳಿ ಹಸಿಯಾಗಿರುವಾಗಲೇ ಈ ಕವೆಮೂಳೆಯನ್ನು ತೆಗೆದಿಟ್ಟರೆ ಎದೆಯನ್ನು ಬಿಡಿಸುವುದು ಅರ್ಧದಷ್ಟು ಸುಲಭವಾಗುತ್ತದೆ.

ಬಿಡಿಸಿದ ಎದೆಯನ್ನು ತೊಗಲು ಮೇಲಾಗಿ ಇಟ್ಟು, ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ದಪ್ಪಕ್ಕೆ ಹೋಳು ಮಾಡಬೇಕು. ಇನ್ನೂ ತೆಳುವಾದರೆ ಬಡಿಸುವುದರೊಳಗೆ ಆರಿ ಒಣಗುತ್ತದೆ. ತೊಗಲು ಕಳಚದಿರಲು ಮೊದಲ ಎಳೆತದಲ್ಲಿ ಚಾಕುವನ್ನು ಒತ್ತದೆ ಅದರ ಮೇಲೆ ಹಗುರಾಗಿ ಎಳೆದು, ತೊಗಲು ಸೀಳಿದ ಮೇಲೆಯೇ ಕೆಳಗಿಳಿಸಬೇಕು. ಕೊನೆಗೆ ರೆಕ್ಕೆಯನ್ನು ಹೊರಕ್ಕೆ ಎಳೆದು ಭುಜದ ಕೀಲಿನಲ್ಲಿ ಕೊಯ್ದು ಬೇರ್ಪಡಿಸಿದರಾಯಿತು.

ಬಡಿಸುವುದು

ಮಾಂಸ ತಣ್ಣನೆಯ ತಟ್ಟೆಗೆ ಬಿದ್ದರೆ ಎರಡೇ ನಿಮಿಷದಲ್ಲಿ ಆರುವುದರಿಂದ, ದೊಡ್ಡ ತಟ್ಟೆಯನ್ನು ಮೊದಲೇ ಬಿಸಿನೀರಿನಲ್ಲಿ ಅದ್ದಿ ಒರೆಸಿ ಇಟ್ಟುಕೊಳ್ಳಬೇಕು. ಎದೆಯ ಬಿಳಿ ಮಾಂಸವನ್ನು ಒಂದು ಬದಿಗೆ, ತೊಡೆ ಮತ್ತು ಕಾಲಿನ ಕಂದು ಮಾಂಸವನ್ನು ಇನ್ನೊಂದು ಬದಿಗೆ ಜೋಡಿಸಿದರೆ ತಮಗೆ ಬೇಕಾದುದನ್ನು ಎಲ್ಲರೂ ಕೇಳದೆಯೇ ತೆಗೆದುಕೊಳ್ಳಬಹುದು. ಹಲಗೆಯ ತೋಡಿನಲ್ಲಿ ನಿಂತ ರಸವನ್ನು ಗ್ರೇವಿಗೆ ಸೇರಿಸಿ, ಕುದಿಯುವ ಗ್ರೇವಿಯಲ್ಲಿ ಒಂದೆರಡು ಚಮಚವನ್ನು ಬಿಳಿ ಮಾಂಸದ ಮೇಲೆ ತೊಗಲಿಗೆ ತಾಗದಂತೆ ಹಾಕಿ, ಉಳಿದದ್ದನ್ನು ಬೇರೆ ಬಟ್ಟಲಿನಲ್ಲಿ ಇಡಬೇಕು. ಎರಡನೆಯ ಬಾರಿ ಬಡಿಸಲು ಬೇಕಾದ ಅರ್ಧ ಎದೆಯನ್ನು ಆಗ ಕೊಯ್ದರೆ ಸಾಕು. ಇಡಿಯಾಗಿದ್ದಷ್ಟೂ ಅದು ಬಿಸಿಯಾಗಿ, ರಸಭರಿತವಾಗಿ ಇರುತ್ತದೆ.

ಉಳಿದ ಮಾಂಸವನ್ನು ಎರಡು ಗಂಟೆಗಳೊಳಗೆ ಮೂಳೆಯಿಂದ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಹರಡಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಿನ್ನಬಹುದು. ಎದೆಗೂಡು, ಬೆನ್ನಿನ ಮೂಳೆ ಮತ್ತು ರೆಕ್ಕೆಯ ತುದಿಗಳನ್ನು ಈರುಳ್ಳಿ, ಕರಿಮೆಣಸಿನ ಜೊತೆ ಮುಳುಗುವಷ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಮೂರು ಗಂಟೆ ಇಟ್ಟು ಸೋಸಿದರೆ, ಮರುದಿನದ ಸೂಪಿಗೆ ಗಟ್ಟಿಯಾದ ಮೂಳೆಸಾರು ಸಿದ್ಧವಾಗಿರುತ್ತದೆ.