ಪಾಯಿಂಟ್ಸ್‌ನಲ್ಲಿ ಬುಕ್ ಮಾಡಿದ ರಿಟರ್ನ್ ಟಿಕೆಟ್: ತಾರೀಖು ಬದಲಿಸುವುದು, ರದ್ದು ಮಾಡುವುದು ಹೇಗೆ?

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಡುವ ಅಮ್ಮನಿಗೆ ಹೋಗುವ ತಾರೀಖು ಗೊತ್ತಿರುತ್ತದೆ. ಬರುವ ತಾರೀಖು ಮಾತ್ರ ಅಂದಾಜು. ಮಗುವಿಗೆ ಮೂರು ತಿಂಗಳಾಗಲಿ ಅಂದುಕೊಂಡು ಹೋಗಿರುತ್ತಾರೆ. ಆಮೇಲೆ ಮಗಳು 'ನಾನು ಕೆಲಸಕ್ಕೆ ಸೇರೋವರೆಗೂ ಇರಮ್ಮ' ಅನ್ನುತ್ತಾಳೆ. ಇಲ್ಲವೇ ಊರಲ್ಲಿ ಯಜಮಾನರಿಗೆ ಹುಷಾರಿಲ್ಲ ಅಂತ ಫೋನ್ ಬಂದು ಬೇಗ ಹೊರಡಬೇಕಾಗುತ್ತದೆ.

ಇಂಥ ಟಿಕೆಟ್‌ಗಳನ್ನು ಈಗ ಎಷ್ಟೋ ಮಕ್ಕಳು ತಮ್ಮ ಏರ್‌ಲೈನ್ ಪಾಯಿಂಟ್ಸ್ ಅಥವಾ ಮೈಲ್ಸ್ (ವಿಮಾನ ಪ್ರಯಾಣಕ್ಕೆ, ಕ್ರೆಡಿಟ್ ಕಾರ್ಡ್ ಬಳಕೆಗೆ ಸಿಗುವ ಅಂಕಗಳು) ಬಳಸಿ ತೆಗೆದುಕೊಡುತ್ತಾರೆ. ದುಡ್ಡು ಉಳಿಯುತ್ತದೆ, ಒಳ್ಳೆಯದೇ. ಆದರೆ ಈ ಟಿಕೆಟ್ ಬದಲಿಸುವ ದಾರಿ ದುಡ್ಡು ಕೊಟ್ಟು ಕೊಂಡ ಟಿಕೆಟ್‌ನ ದಾರಿಯಲ್ಲ. ಬೇರೆಲ್ಲ ಮರೆತರೂ ಒಂದು ನೆನಪಿರಲಿ: ಹೊಸ ತಾರೀಖಿನ ಸೀಟು ಕಣ್ಣಿಗೆ ಕಾಣುವವರೆಗೆ ಹಳೆಯ ಟಿಕೆಟ್ ಬಿಡಬೇಡಿ. ಗಾಬರಿಯಲ್ಲಿ ಮೊದಲು ರದ್ದು ಮಾಡಿ ಆಮೇಲೆ ಹುಡುಕಲು ಕೂರುವವರೇ ಜಾಸ್ತಿ ಕಷ್ಟಪಡುತ್ತಾರೆ.

ಹಂತ 1: ಟಿಕೆಟ್ ಕೊಟ್ಟಿದ್ದು ಯಾರು, ನೋಡಿ

ಹತ್ತುವ ವಿಮಾನ ಒಂದು ಕಂಪನಿಯದು, ಟಿಕೆಟ್ ಕೊಟ್ಟ ಕಂಪನಿ ಇನ್ನೊಂದು. ಪಾಯಿಂಟ್ಸ್ ಟಿಕೆಟ್‌ನಲ್ಲಿ ಇದು ಮಾಮೂಲು. ಇಮೇಲ್‌ನಲ್ಲಿ ಬಂದ ಇ-ಟಿಕೆಟ್ ತೆಗೆದು ನೋಡಿ. ಅದರಲ್ಲಿ 13 ಅಂಕಿಯ ಟಿಕೆಟ್ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. 098 ಇದ್ದರೆ ಏರ್ ಇಂಡಿಯಾ. 016 ಯುನೈಟೆಡ್, 220 ಲುಫ್ತಾನ್ಸಾ, 125 ಬ್ರಿಟಿಷ್ ಏರ್‌ವೇಸ್, 618 ಸಿಂಗಪುರ ಏರ್‌ಲೈನ್ಸ್, 176 ಎಮಿರೇಟ್ಸ್.

ಮಗ ಯುನೈಟೆಡ್ ಮೈಲ್ಸ್ ಬಳಸಿ ಅಮ್ಮನಿಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಫ್ರಾಂಕ್‌ಫರ್ಟ್ ಮೇಲೆ ಬೆಂಗಳೂರಿಗೆ ಬರುವ ಲುಫ್ತಾನ್ಸಾ ಟಿಕೆಟ್ ತೆಗೆದಿದ್ದಾನೆ ಅಂದುಕೊಳ್ಳಿ. ನಂಬರ್ 016ರಿಂದ ಶುರುವಾಗುತ್ತದೆ. ಲುಫ್ತಾನ್ಸಾ ವೆಬ್‌ಸೈಟ್‌ನಲ್ಲಿ ಬುಕಿಂಗ್ ಕಾಣಬಹುದು, ಸೀಟು ಆರಿಸಲೂ ಬಿಡಬಹುದು. ತಾರೀಖು ಬದಲಿಸಲು ಮಾತ್ರ ಯುನೈಟೆಡ್ ಹತ್ತಿರವೇ ಹೋಗಬೇಕು. ಏರ್ ಇಂಡಿಯಾದ ಮಹಾರಾಜ ಕ್ಲಬ್ ಪಾಯಿಂಟ್ಸ್‌ಗೂ ಇದೇ ಮಾತು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ. ಹಾಗಾಗಿ ಅದರ ಪಾಯಿಂಟ್ಸ್‌ನಲ್ಲಿ ಕೂಟದ ಬೇರೆ ಕಂಪನಿಗಳ ವಿಮಾನವನ್ನೂ ಹತ್ತಬಹುದು. ಬದಲಾವಣೆಗೆ ಏರ್ ಇಂಡಿಯಾಗೇ ಫೋನ್ ಮಾಡಬೇಕು.

ಹೀಗೆ ಎರಡು ಕಂಪನಿ ಸೇರಿದಾಗ ಆರು ಅಕ್ಷರದ ಪಿಎನ್ಆರ್ ಕೂಡ ಎರಡಿರುತ್ತವೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಪ್ರಯಾಣ ಮಾಡುವವರು ಅಮ್ಮ, ಪಾಯಿಂಟ್ಸ್ ಮಗನದು. ಫೋನ್‌ನಲ್ಲಿ ಕಂಪನಿಯವರು ಸಾಮಾನ್ಯವಾಗಿ ಖಾತೆ ಯಾರದ್ದೋ ಅವರ ಜೊತೆಯೇ ಮಾತಾಡುತ್ತಾರೆ. ಅಮ್ಮ ಬೆಂಗಳೂರಿನಿಂದಲೋ ಹಾಸನದಿಂದಲೋ ಫೋನ್ ಮಾಡಿದರೆ ಕೆಲಸ ಆಗುವುದು ಕಷ್ಟ. ಈ ಕೆಲಸ ಮಗನೇ ಮಾಡಲಿ.

ಹಂತ 2: ಹೋಗುವ ಪ್ರಯಾಣ ಮುಗಿದಿದೆಯಾ?

ಹೋಗಿ ಬರುವುದು ಒಂದೇ ಟಿಕೆಟ್‌ನಲ್ಲಿದ್ದರೆ ಅದನ್ನು ಕ್ರಮವಾಗಿಯೇ ಬಳಸಬೇಕು. ಹೋಗುವ ವಿಮಾನ ಹತ್ತದೇ ಬಿಟ್ಟರೆ ಬರುವ ಸೀಟೂ ತಾನಾಗಿ ರದ್ದಾಗುತ್ತದೆ. 'ಹೋಗುವಾಗ ಬೇರೆ ಟಿಕೆಟ್‌ನಲ್ಲಿ ಹೋಗೋಣ, ಬರುವಾಗ ಇದನ್ನು ಬಳಸೋಣ' ಅನ್ನುವ ಯೋಚನೆ ಬೇಡ. ಮೊದಲೇ ಕಂಪನಿಗೆ ಹೇಳಿ ಟಿಕೆಟ್ ಬದಲಿಸಿಕೊಳ್ಳಬೇಕು.

ಹೋಗುವ ಪ್ರಯಾಣ ಆಗಿಬಿಟ್ಟಿದ್ದರೆ ಅದು ಅರ್ಧ ಬಳಸಿದ ಟಿಕೆಟ್. ಇಲ್ಲಿ ನಿಯಮ ಬಿಗಿ. ಕೆಲವು ಕಂಪನಿಗಳು ಉಳಿದ ಅರ್ಧದ ಪಾಯಿಂಟ್ಸ್ ವಾಪಸ್ ಕೊಡುತ್ತವೆ. ಕೆಲವು ಬರೀ ತಾರೀಖು ಬದಲಿಸಲು ಬಿಡುತ್ತವೆ. ನಿಮ್ಮ ಟಿಕೆಟ್‌ನ ನಿಯಮ ಓದದೆ 'ಕ್ಯಾನ್ಸಲ್' ಒತ್ತಬೇಡಿ.

ಎಷ್ಟು ದಿನ ಮುಂದಕ್ಕೆ ಹಾಕಬಹುದು? ಸಾಮಾನ್ಯವಾಗಿ ಟಿಕೆಟ್ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ಪ್ರಯಾಣ ಮುಗಿಯಬೇಕು. ಆದರೆ ಬಾಣಂತನಕ್ಕೆ ಹೋದವರಿಗೆ ಅದಕ್ಕಿಂತ ಮುಖ್ಯವಾದ ತಾರೀಖು ಇನ್ನೊಂದಿದೆ. ಪಾಸ್‌ಪೋರ್ಟ್‌ನಲ್ಲಿ 10 ವರ್ಷದ ವೀಸಾ ಇದ್ದರೂ ವಿಸಿಟರ್ ಆಗಿ ಒಮ್ಮೆ ಹೋದಾಗ ಸಾಮಾನ್ಯವಾಗಿ ಇರಲು ಬಿಡುವುದು 6 ತಿಂಗಳು ಮಾತ್ರ. ಆ ಕೊನೆಯ ದಿನ ಐ-94 ದಾಖಲೆಯಲ್ಲಿರುತ್ತದೆ. ಅಮೆರಿಕದ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಕೊಟ್ಟು ನೋಡಿಕೊಳ್ಳಿ. ಹೊಸ ತಾರೀಖು ಅದರೊಳಗೇ ಇರಲಿ. ಕೊನೆಯ ದಿನಕ್ಕೇ ಬುಕ್ ಮಾಡಬೇಡಿ. ವಿಮಾನ ರದ್ದಾದರೆ ತೊಂದರೆಯಾಗುತ್ತದೆ, ಒಂದು ವಾರವಾದರೂ ಕೈಯಲ್ಲಿರಬೇಕು.

ಹಂತ 3: ಹೊಸ ಸೀಟು ಹುಡುಕಿ

ಇದೇ ದೊಡ್ಡ ಕೆಲಸ. ನಿಧಾನವಾಗಿ ಮಾಡಿ.

ವಿಮಾನದಲ್ಲಿ ಸೀಟು ಖಾಲಿ ಇದೆ ಅಂದ ಮಾತ್ರಕ್ಕೆ ಪಾಯಿಂಟ್ಸ್‌ಗೆ ಸಿಗುತ್ತದೆ ಅಂತಲ್ಲ. ಪಾಯಿಂಟ್ಸ್‌ಗೆ ಅಂತ ಕಂಪನಿಗಳು ಕೆಲವೇ ಸೀಟು ಬೇರೆ ತೆಗೆದಿಡುತ್ತವೆ. ಸ್ಟಾರ್ ಅಲಯನ್ಸ್‌ನಲ್ಲಿ ಬೇರೆ ಕಂಪನಿಯ ಸೀಟು ಕೇಳಿದಾಗ ಎಕಾನಮಿಗೆ 'ಎಕ್ಸ್', ಬಿಸಿನೆಸ್‌ಗೆ 'ಐ' ಅನ್ನುವ ಗುರುತಿನಲ್ಲಿ ಸೀಟು ಇರಬೇಕು. ಆ ಗುರುತಿನಲ್ಲಿ ಇಲ್ಲದಿದ್ದರೆ ಅರ್ಧ ವಿಮಾನ ಖಾಲಿ ಹೋದರೂ ನಿಮಗೆ ಕೊಡುವುದಿಲ್ಲ. ಫೋನ್‌ನಲ್ಲಿ ಮಾತಾಡುವವರಿಗೂ ಅದನ್ನು ತೆರೆಯುವ ಅಧಿಕಾರ ಇರುವುದಿಲ್ಲ, ಅವರ ಮೇಲೆ ರೇಗಿ ಪ್ರಯೋಜನವಿಲ್ಲ.

ಖಾತೆಗೆ ಲಾಗಿನ್ ಆಗಿ, ಹೊಸ ಟಿಕೆಟ್ ತೆಗೆಯುವವರ ಹಾಗೆ, ಬರುವ ಪ್ರಯಾಣವನ್ನು ಮಾತ್ರ 'ಒನ್ ವೇ' ಅಂತ ಹಾಕಿ ಹುಡುಕಿ. 'ಪಾಯಿಂಟ್ಸ್ ಬಳಸಿ' ಅನ್ನುವ ಗುಂಡಿ ಒತ್ತಿರಲಿ. ಅಪ್ಪ ಅಮ್ಮ ಇಬ್ಬರೂ ಇದ್ದರೆ ಮೊದಲು ಇಬ್ಬರಿಗೆ ಹುಡುಕಿ. ಏನೂ ಕಾಣದಿದ್ದರೆ ಒಬ್ಬರಿಗೆ ಹುಡುಕಿ. ಒಂದೇ ಸೀಟು ಇದ್ದಾಗ ಇಬ್ಬರಿಗೆ ಕೇಳಿದರೆ ಆ ವಿಮಾನವನ್ನೇ ತೋರಿಸುವುದಿಲ್ಲ.

ಬೆಂಗಳೂರಿಗೆ ಸಿಗದಿದ್ದರೆ ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ ಹಾಕಿ ನೋಡಿ. ಆದರೆ ವಯಸ್ಸಾದವರು ಒಬ್ಬರೇ ಬರುವುದಾದರೆ ದೆಹಲಿಯಲ್ಲಿ ಇಳಿದು ಲಗೇಜ್ ತೆಗೆದುಕೊಂಡು, ಬೇರೆ ಟಿಕೆಟ್‌ನಲ್ಲಿ ಮತ್ತೊಂದು ವಿಮಾನ ಹಿಡಿಯುವ ಹಾಗೆ ಮಾಡಬೇಡಿ. ನಾಲ್ಕು ದಿನ ತಡವಾದರೂ ಒಂದೇ ಟಿಕೆಟ್‌ನಲ್ಲಿ ಬೆಂಗಳೂರಿನವರೆಗೆ ಬರುವುದೇ ವಾಸಿ.

ಸಿಕ್ಕ ವಿಮಾನದ ನಂಬರ್, ತಾರೀಖು, ಕೇಳುವ ಪಾಯಿಂಟ್ಸ್, ದುಡ್ಡಿನಲ್ಲಿ ಕೊಡಬೇಕಾದ ತೆರಿಗೆ ಎಲ್ಲ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಹಂತ 4: ಬದಲಿಸುವುದಾ, ರದ್ದು ಮಾಡಿ ಹೊಸದು ತೆಗೆಯುವುದಾ?

ಹಳೆಯ ಬರುವ ಸೀಟಿಗೆ 45,000 ಪಾಯಿಂಟ್ಸ್ ಹೋಗಿತ್ತು, ಹೊಸ ತಾರೀಖಿಗೆ 60,000 ಕೇಳುತ್ತಿದೆ ಅಂತ ಇಟ್ಟುಕೊಳ್ಳಿ. ಬದಲಿಸಿದರೆ ಮೇಲಿನ 15,000 ಕೊಡಬೇಕು, ಜೊತೆಗೆ ಬದಲಾವಣೆ ಶುಲ್ಕ ಇದ್ದರೆ ಅದು. ರದ್ದು ಮಾಡಿದರೆ ರದ್ದತಿ ಶುಲ್ಕ ಕಳೆದು 45,000 ವಾಪಸ್ ಬರುತ್ತದೆ, ಆಮೇಲೆ 60,000 ಕೊಟ್ಟು ಹೊಸದು ತೆಗೆಯಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮಾಡಿ. ಯುನೈಟೆಡ್‌ನಂಥ ಕೆಲವರು ವಿಮಾನ ಹೊರಡುವ ಮೊದಲು ರದ್ದು ಮಾಡಿದರೆ ಪಾಯಿಂಟ್ಸ್ ವಾಪಸ್ ಹಾಕಲು ಶುಲ್ಕ ತೆಗೆದುಕೊಳ್ಳುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ (ಅವರ ಪಾಯಿಂಟ್ಸ್‌ನ ಹೆಸರು) ಟಿಕೆಟ್ ಆದರೆ ಪ್ರಯಾಣಕ್ಕೆ 24 ಗಂಟೆ ಇರುವಾಗಲೇ ಕೆಲಸ ಮುಗಿಸಬೇಕು. ಹೀಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಖಾತೆಯಲ್ಲಿ ಬೇರೆ ಪಾಯಿಂಟ್ಸ್ ಸಾಕಷ್ಟಿದ್ದರೆ ಹೊಸ ಸೀಟು ಮೊದಲು ಬುಕ್ ಮಾಡಿ, ಟಿಕೆಟ್ ಕೈಗೆ ಬಂದ ಮೇಲೆ ಹಳೆಯದನ್ನು ರದ್ದು ಮಾಡಿ. ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಇಲ್ಲದಿದ್ದರೆ ಫೋನ್‌ನಲ್ಲಿ ಒಂದೇ ಸಲಕ್ಕೆ ಬದಲಿಸಿಕೊಡಲು ಕೇಳಿ. ಕಡಿಮೆ ಬಿದ್ದ ಪಾಯಿಂಟ್ಸನ್ನು ಕ್ರೆಡಿಟ್ ಕಾರ್ಡ್‌ನಿಂದ ತರುವುದಾದರೆ ಎಚ್ಚರ. ಕಾರ್ಡ್‌ನಿಂದ ಏರ್‌ಲೈನ್‌ಗೆ ಹೋದ ಪಾಯಿಂಟ್ಸ್ ಕಾರ್ಡ್‌ಗೆ ವಾಪಸ್ ಬರುವುದಿಲ್ಲ. ಸೀಟು ಕಂಡ ಮೇಲೆಯೇ ವರ್ಗಾಯಿಸಿ.

ಪಾಯಿಂಟ್ಸ್‌ಗೂ ವಾಯಿದೆ ಇರುತ್ತದೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ 36 ತಿಂಗಳು. ಟಿಕೆಟ್ ತೆಗೆದಾಗ ಜೀವಂತ ಇದ್ದ ಮೈಲ್ಸ್‌ನ ವಾಯಿದೆ ರದ್ದು ಮಾಡುವ ಹೊತ್ತಿಗೆ ಮುಗಿದಿದ್ದರೆ ಅವು ಕೈಬಿಟ್ಟ ಹಾಗೆ. ಅಂಥ ಸಂದರ್ಭದಲ್ಲಿ ಸ್ವಲ್ಪ ಶುಲ್ಕ ಹೋದರೂ ತಾರೀಖು ಬದಲಿಸುವುದೇ ಲಾಭ.

ಇನ್ನೂ ಟಿಕೆಟ್ ತೆಗೆಯದವರಿಗೆ ನನ್ನ ಸಲಹೆ ಇದು: ಹೋಗುವುದಕ್ಕೊಂದು, ಬರುವುದಕ್ಕೊಂದು ಬೇರೆ ಬೇರೆ ಟಿಕೆಟ್ ತೆಗೆಯಿರಿ. ಬಹುತೇಕ ಕಡೆ ಎರಡು ಒನ್ ವೇಗೂ ಒಂದು ರಿಟರ್ನ್‌ಗೂ ಪಾಯಿಂಟ್ಸ್ ಅಷ್ಟೇ ಆಗುತ್ತದೆ. ಆಗ ಬರುವ ಟಿಕೆಟ್ ಏನು ಮಾಡಿದರೂ ಅರ್ಧ ಬಳಸಿದ ಟಿಕೆಟ್‌ನ ತಲೆನೋವೇ ಇರುವುದಿಲ್ಲ. ಶುಲ್ಕ ಎರಡು ಟಿಕೆಟ್‌ಗೂ ಬೇರೆ ಬೇರೆ ಬೀಳಬಹುದು ಅನ್ನುವುದೊಂದೇ ಕೊರತೆ. ಬಾಣಂತನದ ಪ್ರಯಾಣಕ್ಕೆ ಬದಲಾಗುವುದು ಹೆಚ್ಚಾಗಿ ಬರುವ ತಾರೀಖೇ, ಅಲ್ವಾ?

ಹಂತ 5: ಬದಲಾವಣೆ ಮಾಡಿ

ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ 'ಮೈ ಟ್ರಿಪ್ಸ್' ತೆರೆದು ಬುಕಿಂಗ್ ಆರಿಸಿ. 'ಚೇಂಜ್' ಇದ್ದರೆ ಅದನ್ನು ಒತ್ತಿ, ಬರುವ ಪ್ರಯಾಣಕ್ಕೆ ಮಾತ್ರ ಟಿಕ್ ಹಾಕಿ. ದುಡ್ಡು ಕೊಡುವ ಪುಟದಲ್ಲಿ ಮೂರು ಸಾಲು ಓದಿ: ಪಾಯಿಂಟ್ಸ್ ವ್ಯತ್ಯಾಸ, ತೆರಿಗೆ ವ್ಯತ್ಯಾಸ, ಶುಲ್ಕ. ತೆರಿಗೆ ದಾರಿ ಮೇಲೆ ಬದಲಾಗುತ್ತದೆ. ಬ್ರಿಟನ್ನಿನಿಂದ ಪ್ರಯಾಣ ಶುರು ಮಾಡುವವರಿಗೆ ಅಲ್ಲಿನ ಏರ್ ಪ್ಯಾಸೆಂಜರ್ ಡ್ಯೂಟಿ ಬೀಳುತ್ತದೆ. ಹಾಗಾಗಿ ಲಂಡನ್‌ನಿಂದ ಬರುವ ಟಿಕೆಟ್‌ಗೆ ಹೋಗುವ ಟಿಕೆಟ್‌ಗಿಂತ ಜಾಸ್ತಿ ತೆರಿಗೆ ಕಂಡರೆ ಆಶ್ಚರ್ಯ ಬೇಡ.

ಬೇರೆ ಕಂಪನಿಯ ವಿಮಾನ ಇದ್ದರೆ, ಅರ್ಧ ಬಳಸಿದ ಟಿಕೆಟ್ ಆಗಿದ್ದರೆ ಎಷ್ಟೋ ಸಲ ಆನ್‌ಲೈನ್‌ನಲ್ಲಿ ಆಗುವುದಿಲ್ಲ. ಫೋನೇ ಗತಿ. ಆಗ ಕಥೆ ಹೇಳಬೇಡಿ, ನೇರವಾಗಿ ಕೇಳಿ: 'ಈ ಪಿಎನ್ಆರ್‌ನಲ್ಲಿ ಬರುವ ಪ್ರಯಾಣ ಮಾತ್ರ ಬದಲಿಸಬೇಕು. ಇಂಥ ತಾರೀಖಿಗೆ ಇಂಥ ನಂಬರ್‌ನ ವಿಮಾನದಲ್ಲಿ ಪಾಯಿಂಟ್ಸ್ ಸೀಟು ಕಾಣುತ್ತಿದೆ. ಎಷ್ಟು ಪಾಯಿಂಟ್ಸ್, ಎಷ್ಟು ದುಡ್ಡು ಆಗುತ್ತದೆ ಮೊದಲು ಹೇಳಿ. ನಾನು ಒಪ್ಪುವವರೆಗೆ ಹಳೆಯ ಸೀಟು ಬಿಡಬೇಡಿ.' ಈ ಕೊನೆಯ ಮಾತು ಮರೆಯಬೇಡಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲನೆಯದಕ್ಕೆ ಫೋನ್ ಮಾಡಬೇಡಿ. ಏರ್‌ಲೈನ್ ಹೆಸರಲ್ಲಿ ನಕಲಿ ನಂಬರ್ ಹಾಕಿ ಮೋಸ ಮಾಡುವವರಿದ್ದಾರೆ. ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಇರುವ ನಂಬರ್ ಮಾತ್ರ ಬಳಸಿ. ಮೊಬೈಲ್‌ಗೆ ಏನಾದರೂ ಆ್ಯಪ್ ಹಾಕಿಕೊಳ್ಳಿ ಅಂದರೆ, ರೀಫಂಡ್‌ಗೆ ಒಟಿಪಿ ಹೇಳಿ ಅಂದರೆ ತಕ್ಷಣ ಫೋನ್ ಇಡಿ. ಭಾರತದಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 6: ಟಿಕೆಟ್ ನಿಜವಾಗಿ ಬದಲಾಯಿತಾ?

'ಆಯ್ತು ಸರ್, ಬದಲಾಗಿದೆ' ಅನ್ನುವ ಮಾತು ಸಾಲದು. ಪಿಎನ್ಆರ್‌ನಲ್ಲಿ ಹೊಸ ತಾರೀಖು ಕಂಡರೂ ಟಿಕೆಟ್ ಹೊಸದಾಗಿ ಕೊಟ್ಟಿರದಿದ್ದರೆ ಚೆಕ್-ಇನ್ ಕೌಂಟರ್‌ನಲ್ಲಿ ತಡೆಯುತ್ತಾರೆ. ಹೊಸ ಇ-ಟಿಕೆಟ್ ನಂಬರ್ ಇರುವ ಇಮೇಲ್ ಬಂದಿದೆಯಾ ನೋಡಿ. ಒಂದು ದಿನದೊಳಗೆ ಬರದಿದ್ದರೆ ಮತ್ತೆ ಫೋನ್ ಮಾಡಿ 'ಟಿಕೆಟ್ ರೀಇಶ್ಯೂ ಆಗಿದೆಯಾ' ಅಂತಲೇ ಕೇಳಿ. ಆಮೇಲೆ ವಿಮಾನ ಓಡಿಸುವ ಕಂಪನಿಯ ವೆಬ್‌ಸೈಟ್‌ನಲ್ಲೂ ಅದರ ಪಿಎನ್ಆರ್ ಹಾಕಿ ನೋಡಿ.

ಅಲ್ಲೇ ವ್ಹೀಲ್‌ಚೇರ್ ಇದೆಯಾ ನೋಡಿ. ತಾರೀಖು ಬದಲಾದಾಗ ಮೊದಲು ಬರೆಸಿದ್ದ ವ್ಹೀಲ್‌ಚೇರ್, ಸಸ್ಯಾಹಾರದ ಊಟ, ಆರಿಸಿದ್ದ ಸೀಟು ಹೊಸ ವಿಮಾನಕ್ಕೆ ಬಾರದೇ ಹೋಗಬಹುದು. ಊಟಕ್ಕೆ ಬರೀ 'ವೆಜ್' ಅಂದರೆ ಬೇಯಿಸಿದ ತರಕಾರಿ ತಟ್ಟೆ ಬರಬಹುದು. 'ಏಷ್ಯನ್ ವೆಜಿಟೇರಿಯನ್' ಅಂತ ಬರೆಸಿದರೆ ನಮ್ಮ ಕಡೆಯ ಊಟ ಬರುತ್ತದೆ. ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸುವ ಅಮ್ಮನಿಗೆ ವ್ಹೀಲ್‌ಚೇರ್ ಇಲ್ಲದೆ ಹೋದರೆ ಕಾಲಿನ ಕಷ್ಟದ ಜೊತೆ ಭಾಷೆಯ ಕಷ್ಟವೂ ಸೇರಿಕೊಳ್ಳುತ್ತದೆ.

ಕಂಪನಿಯೇ ಸಮಯ ಬದಲಿಸಿದರೆ

ಆಗ ಬಲ ನಿಮ್ಮ ಕಡೆ. ಇಮೇಲ್‌ನಲ್ಲಿ 'ಅಕ್ಸೆಪ್ಟ್' ಅಂತ ಇರುತ್ತದೆ, ಅವಸರದಲ್ಲಿ ಒತ್ತಬೇಡಿ. ಮೊದಲು ನಿಮಗೆ ಬೇಕಾದ ವಿಮಾನ ಹುಡುಕಿಟ್ಟುಕೊಂಡು, ಶುಲ್ಕವಿಲ್ಲದೆ ಅದಕ್ಕೆ ಹಾಕಿಕೊಡಿ ಅಂತ ಕೇಳಿ. ಅಮೆರಿಕದ 2024ರ ನಿಯಮದ ಪ್ರಕಾರ ಅಂತರರಾಷ್ಟ್ರೀಯ ವಿಮಾನ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬೇಗ ಹೊರಡುವ ಇಲ್ಲವೇ ತಡವಾಗಿ ತಲುಪುವ ಹಾಗೆ ಸಮಯ ಬದಲಾಗಿ, ನೀವು ಅದನ್ನು ಒಪ್ಪದಿದ್ದರೆ ರೀಫಂಡ್ ಕೊಡಬೇಕು. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ರದ್ದಾದರೆ ಪ್ರಯಾಣಿಕರ ಹಕ್ಕುಗಳ 261/2004 ನಿಯಮವಿದೆ. ಪಾಯಿಂಟ್ಸ್‌ನಲ್ಲಿ ತೆಗೆದ ಟಿಕೆಟ್‌ಗೂ ಅದು ಅನ್ವಯಿಸುತ್ತದೆ ಅಂತ ಆ ನಿಯಮದಲ್ಲೇ ಬರೆದಿದೆ. 'ಫ್ರೀ ಟಿಕೆಟ್‌ಗೆ ಪರಿಹಾರ ಇಲ್ಲ' ಅಂದರೆ ನಂಬಬೇಡಿ.

ರದ್ದು ಮಾಡಿದ ಮೇಲೆ

ಎರಡು ಕಡೆ ನೋಡಬೇಕು. ಪಾಯಿಂಟ್ಸ್ ಯಾರ ಖಾತೆಯಿಂದ ಹೋಗಿತ್ತೋ ಆ ಖಾತೆಗೆ ಬರುತ್ತದೆ. ತೆರಿಗೆಯ ದುಡ್ಡು ಕೊಟ್ಟ ಕಾರ್ಡ್‌ಗೆ ಬರುತ್ತದೆ. ಹಾಗಾಗಿ ದುಡ್ಡು ಬರುವವರೆಗೆ ಆ ಕಾರ್ಡ್ ಮುಚ್ಚಿಸಬೇಡಿ. ಪಾಯಿಂಟ್ಸ್ ಬಂದ ತಕ್ಷಣ ಎಲ್ಲ ಮುಗಿಯಿತು ಅಂತ ಬಿಟ್ಟುಬಿಡುವವರು ತುಂಬ ಜನ. ತೆರಿಗೆ ಸಣ್ಣ ಮೊತ್ತವಲ್ಲ, ಕೇಳಿ ತೆಗೆದುಕೊಳ್ಳಿ. ಮೂಲ ದರ ವಾಪಸ್ ಬರದ ಟಿಕೆಟ್ ಆದರೂ, ಪ್ರಯಾಣ ಮಾಡದವರಿಗೆ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕು ಅಂತ ನಮ್ಮ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮವೇ ಹೇಳುತ್ತದೆ.

ರದ್ದತಿಯ ಇಮೇಲ್, ಹಳೆಯ ಟಿಕೆಟ್ ನಂಬರ್, ತಾರೀಖು ಎಲ್ಲ ಒಂದು ಕಡೆ ಇಟ್ಟುಕೊಂಡು ಮೊದಲು ಕಂಪನಿಗೆ ಬರೆಯಿರಿ. ಉತ್ತರ ಬರದಿದ್ದರೆ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ದೂರಿನಲ್ಲಿ ಬರಬೇಕಾದ ಪಾಯಿಂಟ್ಸ್ ಎಷ್ಟು, ತೆರಿಗೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆಯಿರಿ.