ಗುಜರಿಯಿಂದ ತಂದ ಮೆಷಿನ್‌ಗೆ ಮೊದಲೇ ಕರೆಂಟ್ ಕೊಡಬೇಡಿ

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಮಹಡಿಯ ಕೋಣೆಯಲ್ಲಿ ಹದಿಮೂರು ಹಳೆಯ ಮೆಷಿನ್ ಇಟ್ಟಿದ್ದೇನೆ. ಒಂಬತ್ತು ವಿಡಿಯೋ ಗೇಮ್, ನಾಲ್ಕು ಕಂಪ್ಯೂಟರ್. ಹನ್ನೆರಡು ಇವತ್ತಿಗೂ ಓಡುತ್ತವೆ. ಓಡದ ಆ ಒಂದನ್ನು ಕೆಡಿಸಿದ್ದು ನಾನು. ಅದರ ಕಥೆಯನ್ನೇ ಮೊದಲು ಹೇಳುತ್ತೇನೆ. ಈ ಹವ್ಯಾಸಕ್ಕೆ ಕೈ ಹಾಕುವವರು ಅದನ್ನು ತಿಳಿದುಕೊಂಡರೆ ಒಂದಾದರೂ ಮೆಷಿನ್ ಉಳಿಯುತ್ತದೆ.

2014ರಲ್ಲಿ ನಿವೃತ್ತ ಮೇಷ್ಟರೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಅಟ್ಟದಿಂದ ಒಂದು ಕಪ್ಪು ಕೀಬೋರ್ಡ್ ಇಳಿಸಿ, "ಇದು ಬೇಕೇನಪ್ಪಾ?" ಅಂದರು. ಅದು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಮನೆ ಕಂಪ್ಯೂಟರ್ ತಂದಿತ್ತು. ಅದರ ನಂತರದ ಮಾದರಿಯನ್ನು ಎಂಬತ್ತರ ದಶಕದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು ನಮ್ಮ ದೇಶದಲ್ಲಿ ಮಾರಿತು. 48 ಕೆಬಿ ಮೆಮೊರಿ. ಕೀಬೋರ್ಡ್ ಅಂದರೇನೇ ಕಂಪ್ಯೂಟರ್. ಹಿಂದೆ ಟಿವಿಗೊಂದು ವೈರ್, ಟೇಪ್ ರೆಕಾರ್ಡರ್‌ಗೊಂದು ವೈರ್, ಅಷ್ಟೇ.

ಅದರ ಅಡಾಪ್ಟರ್ ಸಿಗಲಿಲ್ಲ. ಮನೆಯ ಡ್ರಾಯರ್‌ನಲ್ಲಿ 9 ವೋಲ್ಟಿನ ಒಂದು ಅಡಾಪ್ಟರ್ ಇತ್ತು. ಪಿನ್ ಸರಿಯಾಗಿ ಕೂತಿತು. ಸ್ವಿಚ್ ಹಾಕಿದೆ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಪರದೆ ಮೇಲೆ ಏನೂ ಮೂಡಲಿಲ್ಲ. ಮಂಡಿಪೇಟೆ ಹತ್ತಿರ ಹಳೇ ಟಿವಿ ರಿಪೇರಿ ಮಾಡುವ ಯಜಮಾನರೊಬ್ಬರಿದ್ದಾರೆ, ಅವರಲ್ಲಿಗೆ ಒಯ್ದೆ. ಅವರು ಬಿಚ್ಚಿ, ಮೀಟರ್ ಇಟ್ಟು, ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ತಮ್ಮಾ, ಇದಕ್ಕೆ ಪಿನ್ನಿನ ಒಳಗ ಮೈನಸ್, ಹೊರಗ ಪ್ಲಸ್ ಬರಬೇಕು. ನೀನು ಉಲ್ಟಾ ಕೊಟ್ಟೀಯ."

ಈಗಿನ ಬಹುಪಾಲು ಅಡಾಪ್ಟರ್‌ಗಳಲ್ಲಿ ಒಳಗೆ ಪ್ಲಸ್ ಇರುತ್ತದೆ. ಸ್ಪೆಕ್ಟ್ರಮ್‌ಗೆ ಅದರ ತದ್ವಿರುದ್ಧ. ಅದರ ಹಳೇ ಮೆಮೊರಿ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಲದು. 12 ವೋಲ್ಟ್ ಬೇಕು, ಮೈನಸ್ 5 ವೋಲ್ಟ್ ಕೂಡ ಬೇಕು. ಅವನ್ನು ಮಾಡಿಕೊಡುವ ಸಣ್ಣ ಟ್ರಾನ್ಸಿಸ್ಟರ್ ಹೋಗಿತ್ತು. ಅದರ ಹಿಂದೆಯೇ ಮೆಮೊರಿ ಚಿಪ್‌ಗಳೂ ಹೋಗಿದ್ದವು. ಅವನ್ನು ಹೇಗಾದರೂ ಹುಡುಕಬಹುದಿತ್ತು. ಆದರೆ ಯುಎಲ್‌ಎ ಅಂತ ಒಂದು ಚಿಪ್ ಇದೆ, ಸ್ಪೆಕ್ಟ್ರಮ್‌ಗೆಂದೇ ಮಾಡಿದ್ದು. ಅದೂ ಸುಟ್ಟಿತ್ತು. ಅಂಥ ಚಿಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುತ್ತಿದರೂ ಸಿಗಲಿಲ್ಲ. ಎಷ್ಟೋ ವರ್ಷ ಅಟ್ಟದಲ್ಲಿ ಕ್ಷೇಮವಾಗಿದ್ದ ಮೆಷಿನ್ ನನ್ನ ಕೈಗೆ ಬಂದ ಒಂದೇ ನಿಮಿಷದಲ್ಲಿ ಹೋಯಿತು. ಇವತ್ತಿಗೂ ಅದು ನನಗೆ ನೋವು. ಅದರ ಕೀಗಳನ್ನು ಆಮೇಲೆ ಸಿಕ್ಕ ಇನ್ನೊಂದು ಸ್ಪೆಕ್ಟ್ರಮ್‌ಗೆ ಹಾಕಿದ್ದೇನೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಯಾವ ಮೆಷಿನ್ ಬಂದರೂ ಮೊದಲು ಅಡಾಪ್ಟರ್ ಪರೀಕ್ಷೆ. ಬೇರೆಯಾಗಿ ಮೀಟರ್ ಹಚ್ಚಿ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ, ಕರೆಂಟ್ ದಿಕ್ಕು ಬದಲಿಸುತ್ತಿರುವ ಎಸಿಯೋ ಒಂದೇ ದಿಕ್ಕಿನ ಡಿಸಿಯೋ ನೋಡುತ್ತೇನೆ. ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೋದ ಎರಡು ಮೆಷಿನ್‌ಗಳಲ್ಲೇ ಎಷ್ಟು ವ್ಯತ್ಯಾಸ ನೋಡಿ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್‌ಗೆ ಡಿಸಿ ಬೇಕು. ಅದನ್ನೇ ಅಮೆರಿಕಕ್ಕೆಂದು ಬದಲಿಸಿ ಎನ್‌ಇಎಸ್ ಅಂತ ಮಾರಿದಾಗ ಅದಕ್ಕೆ 9 ವೋಲ್ಟಿನ ಎಸಿ ಅಡಾಪ್ಟರ್ ಕೊಟ್ಟರು. ಅದನ್ನು ತಂದು ಫ್ಯಾಮಿಕಾಮ್‌ಗೆ ಹಾಕಿದರೆ ಮುಗಿಯಿತು. ಚಿಕ್ಕಪ್ಪನ ಮಗ ಟೋಕಿಯೋದಿಂದ ಫ್ಯಾಮಿಕಾಮ್ ತಂದುಕೊಟ್ಟಾಗ ಅಡಾಪ್ಟರ್ ಕೂಡ ಜೊತೆಗಿತ್ತು. ಅದರ ಮೇಲೆ ಬರೆದದ್ದು 100 ವೋಲ್ಟ್. ಜಪಾನಿನ ಮನೆಗಳಿಗೆ ಬರುವ ಕರೆಂಟ್ ಅಷ್ಟೇ. ನಮ್ಮದು 230. ಅದನ್ನು ಇವತ್ತಿನವರೆಗೂ ಗೋಡೆಗೆ ಚುಚ್ಚಿಲ್ಲ. ಯಜಮಾನರು ಬೇರೆ ಅಡಾಪ್ಟರ್ ಮಾಡಿಕೊಟ್ಟರು.

ಕಂಪ್ಯೂಟರ್‌ಗಳ ಪೈಕಿ ನನಗೆ ಜಾಸ್ತಿ ಇಷ್ಟ ಬಿಬಿಸಿ ಮೈಕ್ರೋ. 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ತಂದಾಗ ದೇಶದ ಶಾಲೆಗಳಿಗೆ ಹೋದದ್ದು ಇದೇ ಮೆಷಿನ್. ನನಗೆ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಕಬ್ಬಿಣದ ಕಿಟಕಿಗಳ ಕೆಳಗೆ. ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀ ಕಂಡ ಕೂಡಲೇ ಗುರುತು ಸಿಕ್ಕಿತು. ಅಂಗಡಿಯವರು ತೂಕಕ್ಕೆ ಹಾಕಿ ಕೊಟ್ಟರು.

ಇದರ ಪವರ್ ಸಪ್ಲೈ ಒಳಗೇ ಇದೆ. ನೇರ 230 ವೋಲ್ಟ್ ಒಳಗೆ ಹೋಗುತ್ತದೆ. ಯಜಮಾನರು ಮುಚ್ಚಳ ತೆಗೆದು ಎರಡು ಕೆಪಾಸಿಟರ್, ಅಂದರೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ, ತೋರಿಸಿದರು. ಪಾರದರ್ಶಕ ಹಳದಿ ಮೈ, ತುಂಬಾ ಸಣ್ಣ ಬಿರುಕುಗಳು, ಒಣಗಿದ ಕೆರೆಯ ತಳದ ಹಾಗೆ. ಒಳಗಿರುವುದು ಕಾಗದ. ಬಿರುಕಿನಿಂದ ಗಾಳಿಯ ತೇವ ಒಳಗೆ ಹೋಗಿ ಕಾಗದ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಆದ ಮೇಲೆ ಕರೆಂಟ್ ಕೊಟ್ಟರೆ ಢಬ್ ಅಂತ ಒಡೆದು ಕೋಣೆ ತುಂಬಾ ಗಬ್ಬು ಹೊಗೆ. ಇವು ಕರೆಂಟಿನ ಗದ್ದಲ ತಡೆಯುವ ಫಿಲ್ಟರ್ ಅಷ್ಟೇ. ಒಡೆದರೂ ಸಾಮಾನ್ಯವಾಗಿ ಕಂಪ್ಯೂಟರ್ ಓಡುತ್ತಲೇ ಇರುತ್ತದೆ. ಆದರೂ ಬೆಂಕಿಯ ಭಯ ಬೇಡ ಅಲ್ವಾ? ಎರಡನ್ನೂ ಕಿತ್ತು ಹೊಸದು ಹಾಕಿದೆವು. ಎಕ್ಸ್‌2 ಅಂತ ಗುರುತಿರುವುದನ್ನೇ ಹಾಕಬೇಕು, ಬೇರೆಯದು ಬೇಡ. ಇಂಥ ಪವರ್ ಸಪ್ಲೈಯನ್ನು ಒಬ್ಬರೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಹೊಡೆಯುತ್ತದೆ.

ಅವತ್ತು ಸಂಜೆ ಸ್ವಿಚ್ ಹಾಕಿದಾಗ ಬಂದ ಸದ್ದು ಮರೆಯಲ್ಲ. ಮೊದಲು ದಪ್ಪ ದನಿ, ಆಮೇಲೆ ಸಣ್ಣದೊಂದು ಬೀಪ್. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಈ ಮೆಷಿನ್ ರೂಪಿಸಿದವರಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇದ್ದರು. ಮುಂದೆ ಮೊದಲ ಆರ್ಮ್ ಪ್ರೊಸೆಸರ್ ಮಾಡಿದ್ದೂ ಇವರೇ. ಅದರ ವಂಶದ ಚಿಪ್ ಈಗ ನಮ್ಮ ಫೋನ್‌ಗಳಲ್ಲಿದೆ. ಯಜಮಾನರಿಗೆ ಇದನ್ನು ಹೇಳಿದೆ. ಅವರು ತಮ್ಮ ಫೋನ್ ತೆಗೆದು ಬಿಬಿಸಿ ಪಕ್ಕದಲ್ಲಿಟ್ಟು ಎರಡನ್ನೂ ನೋಡುತ್ತಾ ನಿಂತರು.

ಇನ್ನು ಕ್ಯಾಸೆಟ್ ಲೋಡ್ ಮಾಡುವ ವಿಷಯ. ನನಗೆ ಅತಿ ಹೆಚ್ಚು ಸಮಯ ಹಿಡಿದದ್ದು ಇದೇ. ಸ್ಪೆಕ್ಟ್ರಮ್‌ನ ಆಟಗಳು ಹಾಡಿನ ಕ್ಯಾಸೆಟ್‌ನಂಥದ್ದೇ ಕ್ಯಾಸೆಟ್‌ನಲ್ಲಿ ಸದ್ದಿನ ರೂಪದಲ್ಲಿ ಇರುತ್ತವೆ. 48 ಕೆಬಿಯ ಆಟ ಲೋಡ್ ಆಗಲು ಸುಮಾರು ಐದು ನಿಮಿಷ ಬೇಕು. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ ನಿಧಾನ ಜಾರುತ್ತವೆ. ಆಮೇಲೆ ನೀಲಿ, ಹಳದಿ ಪಟ್ಟೆಗಳು ಚುರುಕಾಗಿ ಕುಣಿಯುತ್ತವೆ. ನಾಲ್ಕು ನಿಮಿಷ ಚೆನ್ನಾಗಿ ಓಡಿ ಕೊನೆಗೆ ಎರರ್ ಬಂದರೆ ಮತ್ತೆ ಮೊದಲಿನಿಂದ. ನನಗೆ ಎರಡು ತಿಂಗಳು ಹೀಗೇ ಆಯಿತು.

ದೋಷ ಕಂಪ್ಯೂಟರಿನಲ್ಲಿ ಇರಲಿಲ್ಲ, ಟೇಪ್ ರೆಕಾರ್ಡರ್‌ನಲ್ಲಿತ್ತು. ಅದರ ಬೆಲ್ಟ್ ಸಡಿಲವಾಗಿ ವೇಗ ಏರುಪೇರಾಗುತ್ತಿತ್ತು. ಬೆಲ್ಟ್ ಬದಲಿಸಿದೆ. ಟೇಪಿನ ಸದ್ದು ಓದುವ ಹೆಡ್ ಮತ್ತು ರಬ್ಬರ್ ಚಕ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಆದರೂ ಆಗಲಿಲ್ಲ. ಕೊನೆಗೆ ಯಜಮಾನರು ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತೋರಿಸಿದರು. ಟೇಪಿಗೆ ಹೆಡ್ ನೆಟ್ಟಗೆ ತಾಗುವಂತೆ ಮಾಡುವುದು ಆ ಸ್ಕ್ರೂ. ಕ್ಯಾಸೆಟ್ ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಬೇಕು. ಸದ್ದು ಮಂಕಾಗಿರುತ್ತದೆ. ಒಂದು ಕಡೆ ಬಂದಾಗ ಇದ್ದಕ್ಕಿದ್ದಂತೆ ಚುರುಕಾಗುತ್ತದೆ, ಕಿವಿಗೆ ಚುಚ್ಚುತ್ತದೆ. ಅಲ್ಲೇ ನಿಲ್ಲಿಸಬೇಕು. ವಾಲ್ಯೂಮ್ ಮುಕ್ಕಾಲು. ಮುಂದಿನ ಸಲಕ್ಕೇ ಆಟ ಲೋಡ್ ಆಯಿತು. ಯಜಮಾನರು ಎಪ್ಪತ್ತು ದಾಟಿದವರು, ಸ್ಪೆಕ್ಟ್ರಮ್ ಮೊದಲು ನೋಡಿದ್ದೇ ನನ್ನಿಂದ. ಆದರೆ ಟೇಪ್ ರೆಕಾರ್ಡರ್ ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಹಳೇ ಮೆಷಿನ್ ಕೂಡಿಸುವವರು ಮೊದಲು ಇಂಥವರ ಸ್ನೇಹ ಮಾಡಿಕೊಳ್ಳಬೇಕು.

ವಿಡಿಯೋ ಗೇಮ್‌ಗಳ ಪೈಕಿ ನನ್ನಲ್ಲಿ ಜಾಸ್ತಿ ಇರುವುದು ಫ್ಯಾಮಿಕಾಮ್ ನಕಲುಗಳು. ತೊಂಬತ್ತರ ದಶಕದಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಇವೇ. ನಿಂಟೆಂಡೋ ಹೆಸರು ಕೇಳದೆಯೇ ಮಾರಿಯೋ, ಕಾಂಟ್ರಾ ಆಡಿ ಬೆಳೆದೆವು. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡುತ್ತಿದ್ದೆವು. ನಕಲಿಗೆ ಬೆಲೆಯಿಲ್ಲ ಅನ್ನುವ ಸಂಗ್ರಹಕಾರರಿದ್ದಾರೆ. ನಾನು ಒಪ್ಪಲ್ಲ. ನಮ್ಮ ಊರಿನ ಆಟದ ನೆನಪು ಇರುವುದು ಅದರಲ್ಲೇ. ಗುಜರಿಯವರು ಅದನ್ನು ಪ್ಲಾಸ್ಟಿಕ್ ಬೆಲೆಗೆ ಒಡೆದು ಹಾಕುತ್ತಿದ್ದಾರೆ, ಹಾಗಾಗಿ ಅದನ್ನೇ ಮೊದಲು ಉಳಿಸಬೇಕು.

ಇವುಗಳ ಕ್ಯಾಸೆಟ್ ಅಂದರೆ ಟೇಪ್ ಅಲ್ಲ, ಆಟದ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿ. ಆಟ ಬರದಿದ್ದರೆ ಆಗ ಅದನ್ನು ತೆಗೆದು ಊದುತ್ತಿದ್ದೆವು. ಈಗ ಯಾರಿಗೂ ಊದಲು ಬಿಡಲ್ಲ. ಉಸಿರಿನ ತೇವ ತಾಮ್ರದ ಪಟ್ಟಿಗೆ ಒಳ್ಳೆಯದಲ್ಲ. ಹತ್ತಿಕಡ್ಡಿ, ಆಲ್ಕೋಹಾಲ್ ಸಾಕು. ಮರಳು ಕಾಗದ ಬೇಡವೇ ಬೇಡ.

ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನವಿದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಆಗುತ್ತದೆ. ಒಂದಕ್ಕೆ ಮಾಡಿದೆ. ಹಚ್ಚಿದ್ದು ಒಣಗಿದ ಕಡೆ ಪಟ್ಟೆ ಬಿತ್ತು. ಆಮೇಲೆ ಬಿಟ್ಟುಬಿಟ್ಟೆ, ಹಳದಿ ಹಾಗೇ ಇರಲಿ.

ಇವನ್ನೆಲ್ಲ ಡಬ್ಬಾ ಟಿವಿಯಲ್ಲೇ ಆಡಿ. ಬಾತುಕೋಳಿ ಹೊಡೆಯುವ ಆಟದ ಗನ್ ಈಗಿನ ಟಿವಿಯಲ್ಲಿ ಕೆಲಸ ಮಾಡಲ್ಲ. ಗನ್ನಿನಿಂದ ಬೆಳಕು ಹೊರಗೆ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಆಗುವುದು ಉಲ್ಟಾ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಬರುತ್ತದೆ. ಗನ್ನಿನೊಳಗಿನ ಕಣ್ಣು ಆ ಬಿಳಿಯನ್ನು ನೋಡಿದರೆ ಗುರಿ ತಾಗಿತು ಅಂತ ಲೆಕ್ಕ. ಹೊಸ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಅದು ಮೂಡುವ ರೀತಿಯೂ ಬೇರೆ. ಗನ್ನಿಗೆ ಏನೂ ಕಾಣುವುದಿಲ್ಲ. ಜನ ಡಬ್ಬಾ ಟಿವಿ ಬಿಸಾಡುತ್ತಿರುವಾಗಲೇ ಎರಡು ತೆಗೆದಿಟ್ಟುಕೊಳ್ಳಿ. ಅದರ ಹಿಂಬದಿ ಮಾತ್ರ ಬಿಚ್ಚಬೇಡಿ. ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಭಾನುವಾರ ಬೆಳಗ್ಗೆ ಬೀದಿಯ ಮಕ್ಕಳಿಗೆ ಕೋಣೆ ತೆರೆದಿರುತ್ತದೆ. ಮಿರ್ಚಿ ಮಂಡಕ್ಕಿ ತಿಂದ ಕೈ ತೊಳೆಯದೆ ಯಾರೂ ಮುಟ್ಟುವಂತಿಲ್ಲ. ಒಬ್ಬ ಹುಡುಗ ಮಾರಿಯೋ ಆಡುತ್ತಾ ಥಟ್ಟನೆ ನಿಂತು, "ಅಂಕಲ್, ಮೋಡ, ಪೊದೆ ಎರಡೂ ಒಂದೇ ಆಕಾರ ಅದಾವಲ್ರಿ!" ಅಂದ. ನಿಜ. ಒಂದೇ ಚಿತ್ರಕ್ಕೆ ಬಣ್ಣ ಬದಲಿಸಿದ್ದಾರೆ. 1985ರ ಆ ಇಡೀ ಆಟ ಇರುವುದು 40 ಕೆಬಿಯಲ್ಲಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು. ಇಪ್ಪತ್ತು ವರ್ಷ ಆಡಿದರೂ ನನ್ನ ಕಣ್ಣಿಗೆ ಅದು ತಾನಾಗಿ ಬಿದ್ದಿರಲಿಲ್ಲ.

ಎದುರು ಮನೆಯ ಆರನೇ ಕ್ಲಾಸಿನ ಹುಡುಗಿಗೆ ಆಟಕ್ಕಿಂತ ಸ್ಪೆಕ್ಟ್ರಮ್ ಇಷ್ಟ. ಅದರಲ್ಲಿ ಪಿ ಕೀ ಒತ್ತಿದರೆ ಪ್ರಿಂಟ್ ಅನ್ನುವ ಪೂರ್ತಿ ಪದವೇ ಬೀಳುತ್ತದೆ. ಅವಳು ತನ್ನ ಹೆಸರು ಪರದೆ ತುಂಬಾ ಬಣ್ಣಬಣ್ಣವಾಗಿ ಓಡುವ ಪ್ರೋಗ್ರಾಮ್ ಬರೆದಳು, ಹನ್ನೊಂದು ಸಾಲು. "ಇದನ್ನ ಇಟ್ಕೊಳ್ಳೋದು ಹೆಂಗ್ರಿ ಅಂಕಲ್?" ಅಂತ ಕೇಳಿದಳು. ಖಾಲಿ ಕ್ಯಾಸೆಟ್ ಕೊಟ್ಟೆ. ರೆಕಾರ್ಡ್ ಒತ್ತಿ, ಕೀಚಲು ಸದ್ದು ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದಳು. ಕ್ಯಾಸೆಟ್ ಮೇಲೆ ತನ್ನ ಹೆಸರು ಬರೆದು ಮನೆಗೆ ಒಯ್ದಳು. ಮುಂದಿನ ಭಾನುವಾರ ಅದನ್ನು ತಂದು ಹಾಕಿದೆವು. ಸ್ಕ್ರೂ ಮುಟ್ಟಬೇಕಾಗಲಿಲ್ಲ. ಮೊದಲ ಸಲಕ್ಕೇ ಲೋಡ್ ಆಯಿತು.